ಒಂದು ಹೆಸರು, ಮೂರು ಕಾರುಗಳು

ದೆಹಲಿಯ ಸಚಿವಾಲಯಗಳ ಅಂಗಳದಲ್ಲಿ ದಶಕಗಳ ಕಾಲ ಸಾಲುಗಟ್ಟಿ ನಿಂತಿದ್ದ ಬಿಳಿಯ ಅಂಬಾಸಿಡರ್ ಕಾರನ್ನು ನಾವು ಅಪ್ಪಟ ಸ್ವದೇಶಿಯೆಂದೇ ಬಗೆದಿದ್ದೆವು. ಅದರ ವಿನ್ಯಾಸ ಇಂಗ್ಲೆಂಡಿನದೆಂಬುದು ಅನೇಕರಿಗೆ ಗೊತ್ತು. ಆದರೆ ಆ ಹೆಸರೂ ನಮ್ಮೊಬ್ಬರದೇ ಆಗಿರಲಿಲ್ಲ.

ಅಮೆರಿಕದ ನ್ಯಾಶ್ ಕಂಪನಿಯು 1920ರ ದಶಕದ ಕೊನೆಯಲ್ಲಿಯೇ ತನ್ನ ಮೇಲ್ದರ್ಜೆಯ ಕಾರಿಗೆ ಅಂಬಾಸಿಡರ್ ಎಂಬ ಹೆಸರನ್ನು ಬಳಸತೊಡಗಿತ್ತು. 1954ರಲ್ಲಿ ನ್ಯಾಶ್ ಮತ್ತು ಹಡ್ಸನ್ ಕೂಡಿ ಅಮೆರಿಕನ್ ಮೋಟಾರ್ಸ್ ಆದ ಮೇಲೂ ಈ ಹೆಸರು ಉಳಿಯಿತು. 1974ರ ಮಾದರಿಯೊಂದಿಗೆ ಕೊನೆಗೊಂಡಿತು. ಅಷ್ಟರೊಳಗೆ, 1950ರ ದಶಕದ ಕೊನೆಯಲ್ಲಿ, ಹಿಂದೂಸ್ತಾನ್ ಮೋಟಾರ್ಸ್ ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಕಾರನ್ನು ಬಂಗಾಳದ ಉತ್ತರಪಾರಾದಲ್ಲಿ ತಯಾರಿಸಿ, ಅದಕ್ಕೂ ಅಂಬಾಸಿಡರ್ ಎಂದೇ ಹೆಸರಿಟ್ಟಿತ್ತು.

ಸೋಜಿಗವೆಂದರೆ ಮೂರನೆಯದು. ಮಾರಿಸ್ ಆಕ್ಸ್‌ಫರ್ಡ್ ಹುಟ್ಟಿದ್ದು ಆಕ್ಸ್‌ಫರ್ಡ್ ಬಳಿಯ ಕೌಲಿಯಲ್ಲಿ. ಅದೇ ಕೌಲಿಯಲ್ಲಿ 1982ರಲ್ಲಿ ಆಸ್ಟಿನ್ ಅಂಬಾಸಿಡರ್ ಎಂಬ ಬೇರೊಂದು ಕಾರು ತಯಾರಾಯಿತು. ಭಾರತಕ್ಕೆ ಹೋದ ಮಗಳ ಹೆಸರನ್ನು ತವರಿನವರು ಮತ್ತೊಂದು ಮಗುವಿಗೆ ಇಟ್ಟಂತಾಯಿತು. ಆ ಕಾರು 1984ರಲ್ಲಿ ನಿಂತುಹೋಯಿತು.

ಇವುಗಳ ನಡುವೆ ಘರ್ಷಣೆಗೆ ಎಡೆಯಾಗದ್ದಕ್ಕೆ ಕಾರಣಗಳನ್ನು ಊಹಿಸುವುದು ಕಷ್ಟವಲ್ಲ. ವ್ಯಾಪಾರಮುದ್ರೆಯ ಹಕ್ಕು ಆಯಾ ದೇಶದ ಗಡಿಯೊಳಗಿನದು. ಅಲ್ಲದೆ ಲೈಸೆನ್ಸ್ ಮತ್ತು ಆಮದು ನಿರ್ಬಂಧಗಳ ಕಾಲದ ಭಾರತದ ಮಾರುಕಟ್ಟೆಗೆ ಪರದೇಶದ ಕಾರುಗಳು ಬರುವುದೇ ದುರ್ಲಭವಾಗಿತ್ತು. ಆಸ್ಟಿನ್ನಿನ ಕಾರಾದರೋ ಬ್ರಿಟನ್ನಿಗಷ್ಟೇ ಸೀಮಿತ. ಒಂದೇ ಹೆಸರಿನವರು ಎದುರುಬದುರಾಗಲೇ ಇಲ್ಲ.

ಹಾಗಾದರೆ ಹೆಸರು ಯಾರದು? ಮೊದಲು ಇಟ್ಟವರದು ಎನ್ನುವುದಾದರೆ ನ್ಯಾಶ್ ಕಂಪನಿಯದು. ಆದರೆ ಇಂದು ಆ ಶಬ್ದ ಕೇಳಿದೊಡನೆ ಭಾರತೀಯರ ಕಣ್ಣಿಗೆ ಕಟ್ಟುವುದು ಒಂದೇ ರೂಪ. ಅದಕ್ಕೆ ಆ ತೂಕ ತಂದವರು ಹೆಸರಿಟ್ಟವರಲ್ಲ; ಉತ್ತರಪಾರಾದ ಕಾರ್ಮಿಕರು, ಕೋಲ್ಕತ್ತದ ಟ್ಯಾಕ್ಸಿ ಚಾಲಕರು, ಊರೂರಿನ ಗ್ಯಾರೇಜುಗಳ ಮೆಕ್ಯಾನಿಕ್ಕರು.

2014ರ ಮೇ ತಿಂಗಳಲ್ಲಿ ಉತ್ತರಪಾರಾದ ಕಾರ್ಖಾನೆ ಕೆಲಸ ನಿಲ್ಲಿಸಿತು. 2017ರಲ್ಲಿ ಫ್ರಾನ್ಸಿನ ಪೂಜೋ ಸಮೂಹವು ಅಂಬಾಸಿಡರ್ ಎಂಬ ಹೆಸರನ್ನು 80 ಕೋಟಿ ರೂಪಾಯಿಗೆ ಕೊಂಡಿತು. ಕಾರು ಇಲ್ಲವಾದ ಮೇಲೂ ಹೆಸರಿಗೆ ಬೆಲೆ ಉಳಿದಿತ್ತು. ಆ ಬೆಲೆಯನ್ನು ದುಡಿದು ಕಟ್ಟಿದವರ ಲೆಕ್ಕ ಮಾತ್ರ ಯಾವ ಕ್ರಯಪತ್ರದಲ್ಲಿಯೂ ಬರುವುದಿಲ್ಲ.