ಕಗ್ಗೆರೆಯ ತೋಟ

ತುಮಕೂರಿನಿಂದ ಬೆಳ್ಳಾವಿಯ ಕಡೆಗೆ ಹೊರಡಿ, ಗುಬ್ಬಿಯ ಕಡೆಗೆ ಹೊರಡಿ, ಇಲ್ಲವೇ ಕುಣಿಗಲ್ಲಿನ ಹಾದಿ ಹಿಡಿಯಿರಿ. ತೆಂಗು, ಅಡಿಕೆಯ ತೋಟಗಳು ಕಣ್ಣಿಗೆ ಬೀಳುತ್ತಲೇ ಇರುತ್ತವೆ. ಈ ಸೀಮೆಯ ಜನಕ್ಕೆ ತೋಟವೆಂದರೆ ಬದುಕಿನ ಆಧಾರ. ಸುಮಾರು ಐದು ಶತಮಾನಗಳ ಹಿಂದೆ ಇಲ್ಲಿನ ಒಂದು ತೋಟ ದೇವರನ್ನು ಅರಸುವ ತಾಣವೂ ಆಗಿತ್ತು. ಅಲ್ಲಿ ಕುಳಿತ ಯತಿಗೆ ತೋಟವೇ ಹೆಸರಾಗಿ ನಿಂತಿತು. ಅವರೇ ತೋಂಟದ ಸಿದ್ಧಲಿಂಗ ಯತಿಗಳು.

ಸಿದ್ಧಲಿಂಗರು ಇಂದಿನ ಚಾಮರಾಜನಗರದ ಬಳಿಯ ಹರದನಹಳ್ಳಿಯವರು. ಗೋಸಲ ಚನ್ನಬಸವೇಶ್ವರರ ಶಿಷ್ಯರು. ದೇಶಸಂಚಾರ ಮಾಡುತ್ತ ಬಂದು, ಕುಣಿಗಲ್ ತಾಲ್ಲೂಕಿನ ಕಗ್ಗೆರೆಯಲ್ಲಿ ನಾಗಿನಿ ನದಿಯ ಬಳಿಯ ತೋಟದಲ್ಲಿ ಶಿವಯೋಗಕ್ಕೆ ಕುಳಿತರು. ಅವರ ಮೇಲೆ ಹುತ್ತ ಬೆಳೆಯಿತೆಂದೂ, ಹಸುವೊಂದು ಬಂದು ಅದರ ಮೇಲೆ ಹಾಲು ಸುರಿಸುತ್ತಿತ್ತೆಂದೂ, ಇದನ್ನು ಕಂಡ ಜನ ಹುತ್ತವನ್ನು ಬಿಡಿಸಿದಾಗ ಒಳಗೆ ಯತಿಗಳಿದ್ದರೆಂದೂ ಐತಿಹ್ಯ. ವಾಲ್ಮೀಕಿಯ ಬಗೆಗೂ ಹುತ್ತದ ಕಥೆ ಇದೆ. ಇಂಥ ಕಥೆಯನ್ನು ಇತಿಹಾಸವೆಂದು ಓದಬೇಕಿಲ್ಲ. ಗೆದ್ದಲು, ದನ ಯಾವುದೂ ಬೆದರದಷ್ಟು ಮನುಷ್ಯನೊಬ್ಬ ಸುಮ್ಮನಾಗಬಲ್ಲ ಎಂಬುದನ್ನು ಜನ ಹೇಳಿಕೊಂಡ ರೀತಿ ಅದು.

ಇಲ್ಲೊಂದು ಪ್ರಶ್ನೆ ಏಳುತ್ತದೆ. ನೀರು ಕಂಡಲ್ಲಿ ಮುಳುಗಿ, ಮರ ಕಂಡಲ್ಲಿ ಸುತ್ತುವ ಭಕ್ತಿಯನ್ನು 12ನೇ ಶತಮಾನದ ಶರಣರು ಒಪ್ಪಿದವರಲ್ಲ. ಹಾಗಾದರೆ ಅವರ ದಾರಿಯಲ್ಲಿ ನಡೆದ ಸಿದ್ಧಲಿಂಗರಿಗೆ ತೋಟವೇಕೆ? ಉತ್ತರ ಶಿವಯೋಗದ ಕ್ರಮದಲ್ಲೇ ಇದೆ. ಶಿವಯೋಗಿ ಮರವನ್ನು ಪೂಜಿಸುವುದಿಲ್ಲ. ಅಂಗೈಯಲ್ಲಿರುವ ಇಷ್ಟಲಿಂಗದಲ್ಲಿ ದೃಷ್ಟಿ ನೆಟ್ಟು, ಮನಸ್ಸನ್ನು ಒಳಕ್ಕೆ ತಿರುಗಿಸುತ್ತಾನೆ. ತೋಟದ ನೆರಳು, ಏಕಾಂತ ಆ ನೋಟಕ್ಕೆ ಒದಗುವ ಅನುಕೂಲಗಳು.

ಸಿದ್ಧಲಿಂಗರು ಕುಳಿತದ್ದು ಕಾಡಿನಲ್ಲಲ್ಲ, ತೋಟದಲ್ಲಿ ಎಂಬುದೂ ಗಮನಿಸತಕ್ಕ ಸಂಗತಿ. ಅಕ್ಕಮಹಾದೇವಿ ಮನೆಮಠ ತೊರೆದು ಶ್ರೀಶೈಲದ ಕದಳಿಗೆ ನಡೆದಳು. ಕಾಡಿಗೆ ಹೋದವರು ಊರನ್ನು ಹಿಂದೆ ಬಿಟ್ಟಿರುತ್ತಾರೆ. ತೋಟ ಹಾಗಲ್ಲ. ಅದು ಊರಿನ ಮಗ್ಗುಲಲ್ಲೇ ಇರುತ್ತದೆ. ಯಾರೋ ಅಗೆದು, ನೀರು ಹಾಯಿಸಿ, ಕಳೆ ಕಿತ್ತು ಉಳಿಸಿಕೊಂಡ ನೆಲ ಅದು. ಅಲ್ಲಿ ಕುಳಿತವನಿಗೆ ಏಕಾಂತವೂ ಉಂಟು, ಊರಿನ ನಂಟೂ ಉಂಟು.

ಈ ನಂಟು ಮುಂದೆ ಫಲ ಕೊಟ್ಟಿತು. ತೋಟದಿಂದ ಎದ್ದುಬಂದ ಸಿದ್ಧಲಿಂಗರ ಸುತ್ತ ಏಳುನೂರು ವಿರಕ್ತರು ನೆರೆದರೆಂದು ಪರಂಪರೆ ಹೇಳುತ್ತದೆ. ಅವರ 'ಷಟ್‌ಸ್ಥಲ ಜ್ಞಾನಸಾರಾಮೃತ'ದಲ್ಲಿ 701 ವಚನಗಳಿವೆ. ಕಲ್ಯಾಣದ ನಂತರ ಚದುರಿದ್ದ ವಚನಗಳನ್ನು ಕಲೆಹಾಕಿ ಜೋಡಿಸುವ ಕೆಲಸಕ್ಕೆ ಈ ಶಿಷ್ಯಬಳಗ ದೊಡ್ಡ ಬಲ ತಂದಿತು. 'ಶೂನ್ಯಸಂಪಾದನೆ'ಯನ್ನು ಪರಿಷ್ಕರಿಸಿದ ಗುಮ್ಮಳಾಪುರದ ಸಿದ್ಧಲಿಂಗ ಯತಿ ಮತ್ತು ಗೂಳೂರು ಸಿದ್ಧವೀರಣ್ಣೊಡೆಯ ಇಬ್ಬರೂ ಈ ಪರಂಪರೆಯವರು. ಗೂಳೂರು ತುಮಕೂರಿನ ಪಕ್ಕದ ಊರು. ಆ ಗ್ರಂಥದಲ್ಲಿ ಅಲ್ಲಮಪ್ರಭು ತೋಟಗಾರ ಗೊಗ್ಗಯ್ಯನಿಗೆ ಒಳಗಿನ ಬೇಸಾಯವನ್ನು ತಿಳಿಸುವ ಪ್ರಸಂಗ ಬರುತ್ತದೆ. ತೋಟದ ಯತಿಯ ಶಿಷ್ಯರು ಅದನ್ನು ಎಷ್ಟು ಆಪ್ತವಾಗಿ ಓದಿರಬೇಕೆಂದು ಊಹಿಸಬಹುದು.

ಸಿದ್ಧಲಿಂಗರು ಐಕ್ಯರಾದ ಎಡೆಯೂರು ಇಂದು ಜನಜಂಗುಳಿಯ ಯಾತ್ರಾಸ್ಥಳ. ದೂರದ ಗದಗಿನ ತೋಂಟದಾರ್ಯ ಮಠದ ಹೆಸರಿನಲ್ಲೂ ಕಗ್ಗೆರೆಯ ತೋಟವಿದೆ. ವಚನಸಾಹಿತ್ಯದ ಪ್ರಕಟಣೆಗೆ ಆ ಮಠ ಹೆಸರಾಗಿದೆ. ದೇವರ ಸಾಮೀಪ್ಯವನ್ನು ಅರಸಿ ನಿಸರ್ಗದ ಮಡಿಲಿಗೆ ಹೋಗುವುದೆಂದರೆ ಜನರಿಂದ ದೂರವಾಗುವುದು ಎಂದು ನಾವು ಭಾವಿಸುತ್ತೇವೆ. ಕಗ್ಗೆರೆಯಲ್ಲಿ ಆದದ್ದು ಬೇರೆ. ಅಲ್ಲಿ ಒಬ್ಬರು ಮೌನವಾಗಿ ಕುಳಿತರು. ಅದರಿಂದ ನಾಡಿನ ಮಾತು ಉಳಿಯಿತು.