ಧಾರವಾಡದ ಮಕ್ಕಳು, ಕಲೀನಾದ ತರಗತಿ

ಡೊಂಬಿವಲಿಯಿಂದ ಕುರ್ಲಾವರೆಗೆ ಲೋಕಲ್, ಅಲ್ಲಿಂದ ಬಸ್ಸು ಹಿಡಿದು ಕಲೀನಾ. ಎರಡು ವರ್ಷ ನನ್ನ ಮನಶ್ಶಾಸ್ತ್ರದ ಓದು ಬಹುಪಾಲು ನಡೆದದ್ದು ಈ ದಾರಿಯಲ್ಲೇ, ಬ್ಯಾಗನ್ನು ಎದೆಗೆ ಒತ್ತಿಕೊಂಡು. ಮುಂಬಯಿ ವಿಶ್ವವಿದ್ಯಾಲಯದಲ್ಲಿ ನಾವು ಓದುತ್ತಿದ್ದ ಹೆಸರುಗಳೆಲ್ಲ ದೂರದವು: ಲೈಪ್‌ಜಿಗ್‌ನ ವುಂಟ್, ವಿಯೆನ್ನಾದ ಫ್ರಾಯ್ಡ್, ಪ್ಯಾರಿಸ್ಸಿನ ಬಿನೆ. ಹಾಗಿರುವಾಗ ಒಂದು ದಿನ ಬುದ್ಧಿಮಾಪನದ ತರಗತಿಯಲ್ಲಿ ‘ಬಿನೆ–ಕಾಮತ್ ಪರೀಕ್ಷೆ’ ಎಂಬ ಹೆಸರು ಕೇಳಿ ಕಿವಿ ನೆಟ್ಟಗಾಯಿತು. ಹುಡುಕುತ್ತ ಹೋದರೆ ದಾರಿ ಧಾರವಾಡಕ್ಕೆ ಮುಟ್ಟಿತು.

ಶಾಲೆಯಲ್ಲಿ ಹೆಚ್ಚಿನ ನೆರವು ಬೇಕಾದ ಮಕ್ಕಳನ್ನು ಗುರುತಿಸಲೆಂದು ಆಲ್ಫ್ರೆಡ್ ಬಿನೆ ಮತ್ತು ಸಿಮೋನ್ 1905ರಲ್ಲಿ ಪ್ಯಾರಿಸ್ಸಿನಲ್ಲಿ ಮೊದಲ ಪರೀಕ್ಷೆ ಸಿದ್ಧಪಡಿಸಿದರು. 1916ರಲ್ಲಿ ಟರ್ಮನ್ ಅದನ್ನು ಅಮೆರಿಕಕ್ಕೆ ಹೊಂದಿಸಿದರು. 1920ರ ದಶಕದಲ್ಲಿ ಲಾಹೋರಿನ ಹರ್ಬರ್ಟ್ ರೈಸ್ ಅದರ ಹಿಂದೂಸ್ತಾನಿ ರೂಪ ತಂದರು. ಆಮೇಲೆ ವಿ. ವಿ. ಕಾಮತರು ಧಾರವಾಡದಲ್ಲಿ ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳನ್ನು ಪರೀಕ್ಷಿಸಿ, 1934ರಲ್ಲಿ ‘ಬಾಂಬೆ–ಕರ್ನಾಟಕ’ ಪರಿಷ್ಕರಣೆಯನ್ನು ರೂಪಿಸಿದರು. ಅವರ ಇಂಗ್ಲಿಷ್ ಪುಸ್ತಕ 1940ರಲ್ಲಿ ಬಂತು.

‘ಬಾಂಬೆ–ಕರ್ನಾಟಕ’ ಎಂಬ ಹೆಸರು ಇಂದು ವಿಚಿತ್ರ ಅನ್ನಿಸಬಹುದು. ಆಗ ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಎಲ್ಲ ಮುಂಬಯಿ ಪ್ರಾಂತದಲ್ಲೇ ಇದ್ದವು. ಅಲ್ಲಿನ ಕಾಲೇಜುಗಳಿಗೂ 1857ರಲ್ಲಿ ಹುಟ್ಟಿದ ಈ ಮುಂಬಯಿ ವಿಶ್ವವಿದ್ಯಾಲಯವೇ ದಿಕ್ಕು. ಕರ್ನಾಟಕ ವಿಶ್ವವಿದ್ಯಾಲಯ ಕೂಡ 1949ರಲ್ಲಿ ಮುಂಬಯಿಯಲ್ಲೇ ಆರಂಭವಾಗಿ, ಮರುವರ್ಷ ಧಾರವಾಡಕ್ಕೆ ಹೋಯಿತು. ಅತ್ತ ಮೈಸೂರು ಸಂಸ್ಥಾನದಲ್ಲಿ 1924ರಲ್ಲೇ ಮನಶ್ಶಾಸ್ತ್ರ ವಿಭಾಗ ತೆರೆದಿತ್ತು. ಅದರ ಮುಖ್ಯಸ್ಥರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರೇ 1935ರಲ್ಲಿ ತಮ್ಮ ಮನೆಯಿಂದ ‘ಆಕಾಶವಾಣಿ’ ಆರಂಭಿಸಿದವರು.

ಕಾಮತರು ಮಾಡಿದ್ದು ಬರೀ ಅನುವಾದವಲ್ಲ. ಪ್ಯಾರಿಸ್ಸಿನ ಆರು ವರ್ಷದ ಮಗುವಿಗೆ ಸುಲಭವಾದ ಪ್ರಶ್ನೆ ಧಾರವಾಡದ ಆರು ವರ್ಷದ ಮಗುವಿಗೂ ಸುಲಭವಾಗಿರಬೇಕೆಂದಿಲ್ಲ. ಒಂದು ವಯಸ್ಸಿನ ಹೆಚ್ಚಿನ ಮಕ್ಕಳು ಯಾವುದನ್ನು ಉತ್ತರಿಸುತ್ತಾರೋ ಅದನ್ನೇ ಆ ವಯಸ್ಸಿನ ಪ್ರಶ್ನೆಯಾಗಿ ಇಡಬೇಕು. ಎಂಟು ವರ್ಷದ ಮಗು ಆರು ವರ್ಷದವರ ಮಟ್ಟದಲ್ಲಿ ಉತ್ತರಿಸಿದರೆ ಬುದ್ಧಿಸೂಚ್ಯಂಕ 75. ಅಂದರೆ ಈ ಅಂಕಿಯ ಹಿಂದೆ ಯಾವ ಊರಿನ, ಯಾವ ಭಾಷೆಯ, ಯಾವ ಕಾಲದ ಮಕ್ಕಳಿದ್ದಾರೆ ಎಂಬುದೇ ಮುಖ್ಯ.

ತೊಡಕು ಇರುವುದೂ ಇಲ್ಲೇ. ಇಂಥ ಪರೀಕ್ಷೆಗಳಲ್ಲಿ ಅಮೆರಿಕದ ಸರಾಸರಿ ಅಂಕ ದಶಕಕ್ಕೆ ಸುಮಾರು 3ರಂತೆ ಏರುತ್ತಿದೆ ಎಂದು ಜೇಮ್ಸ್ ಫ್ಲಿನ್ 1984ರಲ್ಲಿ ತೋರಿಸಿದರು. ಇಲ್ಲಿಯೂ ಹಾಗೇ ಏರಿದ್ದರೆ, ಹಳೆಯ ಅಳತೆಗೋಲು ಇಂದಿನ ಮಗುವನ್ನು ಇದ್ದುದಕ್ಕಿಂತ ಎತ್ತರ ತೋರಿಸುತ್ತದೆ. ಅಂಕ 70ರ ಆಸುಪಾಸಿನಲ್ಲಿದ್ದರೆ, ಅಂಗವೈಕಲ್ಯ ಪ್ರಮಾಣಪತ್ರವೂ ಅದರೊಂದಿಗೆ ಬರುವ ಸವಲತ್ತೂ ಕೈತಪ್ಪಬಹುದು. ಮಗುವಿಗೆ ಬಾರದ ಭಾಷೆಯಲ್ಲಿ ಕೇಳಿದರೆ ಆಗುವ ತಪ್ಪು ಇದಕ್ಕೆ ತದ್ವಿರುದ್ಧ.

ಅದನ್ನು ನಾನು ಕಂಡದ್ದು ನವಿ ಮುಂಬಯಿಯಲ್ಲಿ, ತರಬೇತಿಯ ದಿನಗಳಲ್ಲಿ. ಕಟ್ಟಡ ಕೆಲಸಕ್ಕೆಂದು ವಿಜಯಪುರದ ಕಡೆಯಿಂದ ಬಂದವರ ಮಗ, ಒಂಬತ್ತು ವರ್ಷ. ಶಾಲೆಯವರು ಮಂದಬುದ್ಧಿ ಅಂದಿದ್ದರು. ಹಿಂದಿಯಲ್ಲಿ ಏನು ಕೇಳಿದರೂ ನೆಲ ನೋಡುತ್ತಿದ್ದ. “ಮನ್ಯಾಗ ಭಾಳ ಮಾತಾಡ್ತಾನ್ರೀ ಅಕ್ಕಾರ” ಎಂದು ತಾಯಿ ಕಣ್ಣೊರೆಸಿಕೊಂಡಳು. ನಾನು ಕನ್ನಡದಲ್ಲಿ ಸುಮ್ಮನೆ ಕೇಳಿದೆ: “ಆಕಳಾ ಎಮ್ಮಿ ಯಾವುದ್ರಾಗ ಒಂದs ಥರಾ?” ಅವನು ತಲೆ ಎತ್ತಿದ. “ಎರಡೂ ಹಾಲ ಕೊಡ್ತಾವ. ಎಮ್ಮಿ ಹಾಲಿಗೆ ರೊಕ್ಕ ಜಾಸ್ತಿ.”

ಒಂದು ಉತ್ತರದಿಂದ ಏನೂ ನಿರ್ಧಾರವಾಗುವುದಿಲ್ಲ. ವರದಿ ಬರೆಯುವ ಅಧಿಕಾರವೂ ವಿದ್ಯಾರ್ಥಿನಿಗೆ ಇಲ್ಲ. ಮೇಲ್ವಿಚಾರಕಿಗೆ ಹೇಳಿದೆ. ‘ಮಾತೃಭಾಷೆ ಕನ್ನಡ, ಆ ಭಾಷೆ ಬಲ್ಲವರಿಂದ ಮರುಪರೀಕ್ಷೆ ಆಗಬೇಕು’ ಎಂದು ಅವರು ಫೈಲಿನ ಮೇಲೆ ಬರೆದರು.

ಕಲ್ಯಾಣ, ಠಾಣೆಯಿಂದ ಇದೇ ಲೋಕಲ್ ಹಿಡಿದು ಮನಶ್ಶಾಸ್ತ್ರ ಓದಲು ಹೊರಟಿರುವ ಕನ್ನಡದ ಹುಡುಗ ಹುಡುಗಿಯರಿಗೆ ನನ್ನದೊಂದು ಮಾತು. ತರಗತಿಯಲ್ಲಿ ಕನ್ನಡ ಬೇಕಾಗದಿರಬಹುದು. ಆದರೆ ಅಂಥ ಫೈಲುಗಳು ನಿಮಗಾಗಿ ಕಾಯುತ್ತಿವೆ.