ಮಕ್ಕಳಲ್ಲಿ ಕನ್ಕಷನ್

ಕನ್ಕಷನ್ ಎಂಬುದು ತಲೆಗೆ ಬಿದ್ದ ಪೆಟ್ಟಿನಿಂದ, ಅಥವಾ ದೇಹಕ್ಕೆ ತಗುಲಿದ ಹೊಡೆತ ತಲೆಯನ್ನು ರಭಸದಿಂದ ಕುಲುಕಿಸುವುದರಿಂದ, ಮಿದುಳಿನ ಕಾರ್ಯದಲ್ಲಿ ತಾತ್ಕಾಲಿಕವಾಗಿ ಉಂಟಾಗುವ ಏರುಪೇರು. ವೈದ್ಯಕೀಯ ವರ್ಗೀಕರಣದಲ್ಲಿ ಇದು ಮಿದುಳಿನ ಸೌಮ್ಯ ಗಾಯಗಳ ಗುಂಪಿಗೆ ಸೇರುತ್ತದೆ. 'ಸೌಮ್ಯ' ಎಂಬ ಪದ ಜೀವಕ್ಕೆ ಅಪಾಯ ಕಡಿಮೆ ಎಂಬುದನ್ನಷ್ಟೇ ಸೂಚಿಸುತ್ತದೆ. ಮಗುವಿಗಾಗುವ ತೊಂದರೆ ಅಲ್ಪವೆಂದು ಅದರ ಅರ್ಥವಲ್ಲ. ಒಂದೇ ಬಗೆಯ ಪೆಟ್ಟು ತಿಂದ ಇಬ್ಬರು ಮಕ್ಕಳಲ್ಲಿ ಒಬ್ಬರು ಕೆಲವೇ ದಿನಗಳಲ್ಲಿ ಚೇತರಿಸಿಕೊಂಡರೆ ಮತ್ತೊಬ್ಬರಿಗೆ ತಿಂಗಳುಗಳೇ ಬೇಕಾಗಬಹುದು.

ಲಕ್ಷಣಗಳು

ತಲೆನೋವು, ತಲೆಸುತ್ತು, ವಾಕರಿಕೆ, ಬೆಳಕು ಮತ್ತು ಸದ್ದನ್ನು ಸಹಿಸಲಾಗದಿರುವುದು, ಆಯಾಸ, ಏಕಾಗ್ರತೆಯ ಕೊರತೆ, ನಿದ್ರೆಯ ವ್ಯತ್ಯಾಸ ಹಾಗೂ ಸಿಡುಕುತನ ಸಾಮಾನ್ಯ ಲಕ್ಷಣಗಳು. ಪ್ರಜ್ಞೆ ತಪ್ಪಿದರೆ ಮಾತ್ರ ಕನ್ಕಷನ್ ಎಂಬ ನಂಬಿಕೆ ವ್ಯಾಪಕವಾಗಿದ್ದರೂ ಅದು ಸರಿಯಲ್ಲ. ಹೆಚ್ಚಿನ ಮಕ್ಕಳು ಪ್ರಜ್ಞೆ ಕಳೆದುಕೊಳ್ಳುವುದೇ ಇಲ್ಲ. ಕೆಲವು ಲಕ್ಷಣಗಳು ಗಂಟೆಗಳ ಅಥವಾ ದಿನಗಳ ನಂತರ ಕಾಣಿಸಿಕೊಳ್ಳುತ್ತವೆ.

ಹದಿಹರೆಯದವರು ತಮ್ಮ ತೊಂದರೆಯನ್ನು ವಿವರಿಸಬಲ್ಲರು, ಆದರೆ ಆಟದಿಂದ ಹೊರಗುಳಿಯುವ ಭಯದಿಂದ ಮುಚ್ಚಿಡುವುದೂ ಉಂಟು. ಮಾತು ಬಾರದ ಶಿಶುಗಳ ವಿಷಯದಲ್ಲಿ ವರ್ತನೆಯೇ ಸುಳಿವು: ಎಷ್ಟು ಸಮಾಧಾನಪಡಿಸಿದರೂ ನಿಲ್ಲದ ಅಳು, ಹಾಲು ಅಥವಾ ಆಹಾರದ ನಿರಾಕರಣೆ, ಪ್ರಿಯವಾದ ಆಟಿಕೆಯಲ್ಲಿ ನಿರಾಸಕ್ತಿ, ಆಗಲೇ ಕಲಿತಿದ್ದ ನಡಿಗೆಯಲ್ಲಿ ತೊಡಕು.

ಪದೇ ಪದೇ ವಾಂತಿ, ಹೆಚ್ಚುತ್ತಲೇ ಹೋಗುವ ತಲೆನೋವು, ಸೆಳವು, ಕೈಕಾಲುಗಳ ನಿಶ್ಶಕ್ತಿ, ಎಬ್ಬಿಸಲಾಗದ ಮಂಪರು ಕಂಡುಬಂದರೆ ತಲೆಬುರುಡೆಯೊಳಗೆ ರಕ್ತಸ್ರಾವದ ಶಂಕೆಯಿರುವುದರಿಂದ ತಡಮಾಡದೆ ತುರ್ತು ಚಿಕಿತ್ಸೆಗೆ ಒಯ್ಯಬೇಕು. ಸಿ.ಟಿ. ಸ್ಕ್ಯಾನ್ ಇಂತಹ ರಕ್ತಸ್ರಾವವನ್ನು ಪತ್ತೆಹಚ್ಚುತ್ತದೆಯೇ ಹೊರತು ಕನ್ಕಷನ್ ಅನ್ನು ಅಲ್ಲ. ಹಾಗಾಗಿ ಸ್ಕ್ಯಾನ್ ವರದಿ ಸಹಜವಾಗಿದೆ ಎಂಬ ಕಾರಣಕ್ಕೆ ಮಗು ಆಟಕ್ಕೆ ಸಿದ್ಧವೆಂದು ತೀರ್ಮಾನಿಸಲಾಗದು.

ಚೇತರಿಕೆಯಲ್ಲಿನ ವ್ಯತ್ಯಾಸ

ಬಹುಪಾಲು ಮಕ್ಕಳು ನಾಲ್ಕು ವಾರಗಳೊಳಗೆ ಗುಣಹೊಂದುತ್ತಾರೆ. ಯಾರಿಗೆ ಹೆಚ್ಚು ಕಾಲ ಹಿಡಿಯುತ್ತದೆ ಎಂಬುದನ್ನು ಮೊದಲೇ ಅಂದಾಜಿಸುವ ಪ್ರಯತ್ನಗಳಲ್ಲಿ ಕೆನಡಾದ ರೋಜರ್ ಜೆಮೆಕ್ ನೇತೃತ್ವದ ಅಧ್ಯಯನ ಮುಖ್ಯವಾದುದು. 'ಜಾಮಾ' ಪತ್ರಿಕೆಯಲ್ಲಿ 2016ರಲ್ಲಿ ಪ್ರಕಟವಾದ ಈ ಅಧ್ಯಯನಕ್ಕೆ ಒಂಬತ್ತು ತುರ್ತು ಚಿಕಿತ್ಸಾ ವಿಭಾಗಗಳಿಂದ 5ರಿಂದ 17 ವರ್ಷದ 3,063 ಮಕ್ಕಳನ್ನು ಸೇರಿಸಿಕೊಳ್ಳಲಾಗಿತ್ತು. ಕೊನೆಯವರೆಗೆ ಅನುಸರಿಸಲಾದವರಲ್ಲಿ ಸುಮಾರು ಶೇ. 31ರಷ್ಟು ಮಕ್ಕಳಿಗೆ 28 ದಿನಗಳ ನಂತರವೂ ಲಕ್ಷಣಗಳು ಉಳಿದಿದ್ದವು. ಹೆಣ್ಣುಮಕ್ಕಳು, 13 ವರ್ಷ ದಾಟಿದವರು, ಮೈಗ್ರೇನ್ ಇದ್ದವರು, ಹಿಂದೊಮ್ಮೆ ಕನ್ಕಷನ್ ಆಗಿ ವಾರಕ್ಕಿಂತ ಹೆಚ್ಚು ಕಾಲ ಬಳಲಿದ್ದವರು ಹೆಚ್ಚಿನ ಅಪಾಯದ ಗುಂಪಿನಲ್ಲಿದ್ದರು. ಪ್ರಶ್ನೆಗಳಿಗೆ ನಿಧಾನವಾಗಿ ಉತ್ತರಿಸುವುದು, ತಲೆನೋವು, ಆಯಾಸ, ಸದ್ದಿನ ಅಸಹನೆ ಹಾಗೂ ಸಮತೋಲನದ ತೊಂದರೆಗಳಿಗೂ ಅಂಕಗಳನ್ನು ನೀಡಿ, ಒಟ್ಟು 12 ಅಂಕಗಳ ಮಾಪನವೊಂದನ್ನು ರೂಪಿಸಲಾಯಿತು. ಗಮನಿಸಬೇಕಾದ ಸಂಗತಿಯೆಂದರೆ, ಪ್ರಜ್ಞೆ ತಪ್ಪುವುದು ಈ ಪಟ್ಟಿಯಲ್ಲಿಲ್ಲ.

ವಿಶ್ರಾಂತಿ ಮತ್ತು ಮರಳುವಿಕೆ

ಲಕ್ಷಣಗಳು ಪೂರ್ತಿ ಮರೆಯಾಗುವವರೆಗೆ ಮಗುವನ್ನು ಕತ್ತಲೆಯ ಕೋಣೆಯಲ್ಲಿ ಮಲಗಿಸಿಡುವ ಪದ್ಧತಿ ಹಿಂದೆ ಇತ್ತು. 'ಪೀಡಿಯಾಟ್ರಿಕ್ಸ್' ಪತ್ರಿಕೆಯಲ್ಲಿ 2015ರಲ್ಲಿ ಪ್ರಕಟವಾದ ಪ್ರಯೋಗವೊಂದು ಇದನ್ನು ಪ್ರಶ್ನಿಸಿತು: ಐದು ದಿನಗಳ ಕಟ್ಟುನಿಟ್ಟಿನ ವಿಶ್ರಾಂತಿಗೆ ಒಳಗಾದವರು, ಒಂದೆರಡು ದಿನ ವಿಶ್ರಮಿಸಿ ಕ್ರಮೇಣ ಚಟುವಟಿಕೆಗೆ ಮರಳಿದವರಿಗಿಂತ ಹೆಚ್ಚು ಲಕ್ಷಣಗಳನ್ನು ವರದಿ ಮಾಡಿದರು. ಈಗ ಒಂದೆರಡು ದಿನಗಳ ಸಾಪೇಕ್ಷ ವಿಶ್ರಾಂತಿಯ ನಂತರ ಲಘು ನಡಿಗೆ, ಆಮೇಲೆ ಕಡಿಮೆ ಅವಧಿಯ ತರಗತಿ, ಪೂರ್ಣ ಶಾಲೆ, ಅದಾದ ಬಳಿಕವೇ ಪೆಟ್ಟು ಬೀಳುವ ಸಾಧ್ಯತೆಯಿರುವ ಆಟ ಎಂಬ ಕ್ರಮವನ್ನು ಸೂಚಿಸಲಾಗುತ್ತದೆ. ಮಗು ಹೊರನೋಟಕ್ಕೆ ಆರೋಗ್ಯವಾಗಿಯೇ ಕಾಣುವುದರಿಂದ, ಓದಿನಲ್ಲಿ ಹಿಂದೆ ಬೀಳುವುದನ್ನು ಸೋಮಾರಿತನವೆಂದು ಭಾವಿಸುವ ಸಾಧ್ಯತೆಯಿದೆ. ಶಿಕ್ಷಕರಿಗೆ ವಿಷಯ ತಿಳಿಸುವುದು ಚಿಕಿತ್ಸೆಯಷ್ಟೇ ಅಗತ್ಯ.

ಮರುಪೆಟ್ಟು ಮತ್ತು ಕಾನೂನು

ಚೇತರಿಕೆಗೆ ಮುನ್ನವೇ ಮತ್ತೊಮ್ಮೆ ಪೆಟ್ಟು ಬಿದ್ದರೆ, ವಿರಳವಾಗಿ, ಮಿದುಳು ವೇಗವಾಗಿ ಊದಿಕೊಂಡು ಸಾವು ಸಂಭವಿಸಬಹುದು. ಇಂತಹ ವರದಿಗಳಲ್ಲಿ ಹೆಚ್ಚಿನವು ಎಳೆಯ ಕ್ರೀಡಾಪಟುಗಳಿಗೆ ಸಂಬಂಧಿಸಿವೆ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ 2006ರಲ್ಲಿ ಫುಟ್‌ಬಾಲ್ ಪಂದ್ಯವೊಂದರಲ್ಲಿ 13 ವರ್ಷದ ಜಾಕರಿ ಲೈಸ್ಟೆಡ್ ಪೆಟ್ಟಾದ ಬಳಿಕವೂ ಆಟಕ್ಕೆ ಮರಳಿ ಗಂಭೀರ ಗಾಯಕ್ಕೊಳಗಾದನು. ಅವನ ಹೆಸರಿನ ಕಾನೂನು 2009ರಲ್ಲಿ ಜಾರಿಗೆ ಬಂದಿತು. ಅದರಂತೆ ಕನ್ಕಷನ್ ಶಂಕೆಯಿರುವ ಬಾಲಕ್ರೀಡಾಪಟುವನ್ನು ಆಟದಿಂದ ಹೊರಗಿಟ್ಟು, ಪರಿಣತರ ಲಿಖಿತ ಅನುಮತಿಯ ನಂತರವೇ ಮತ್ತೆ ಸೇರಿಸಿಕೊಳ್ಳಬೇಕು. ಐದೇ ವರ್ಷಗಳಲ್ಲಿ ಅಮೆರಿಕದ ಎಲ್ಲ ರಾಜ್ಯಗಳೂ ಇಂತಹ ಕಾನೂನುಗಳನ್ನು ಮಾಡಿದವು. ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ, 2013ರಲ್ಲಿ ರಗ್ಬಿ ಆಡುವಾಗ ಕೆಲವೇ ದಿನಗಳ ಅಂತರದಲ್ಲಿ ಮತ್ತೆ ಮತ್ತೆ ಪೆಟ್ಟು ತಿಂದು ಮೃತಪಟ್ಟ 17 ವರ್ಷದ ರೋವನ್ ಸ್ಟ್ರಿಂಗರ್ ಹೆಸರಿನಲ್ಲಿ 2018ರಲ್ಲಿ ಕಾನೂನು ಅಂಗೀಕಾರವಾಯಿತು.